ಇಲಿಕೋಣೆಯ ಬೊರಾಮ್

ವಿಶ್ವವಿದ್ಯಾಲಯದ ಹಿಂಬಾಗಿಲ ಎದುರು ಊಟ-ವಸತಿಯ ಮನೆ ನಡೆಸುವವಳಿಗೆ ಯಾರು ಏನು ಓದುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಊಟಕ್ಕೆ ಕೂತ ರೀತಿಯಲ್ಲೇ ಗೊತ್ತಾಗುತ್ತದೆ. ಕಾನೂನಿನವರು ಪುಸ್ತಕ ನೋಡುತ್ತ ಉಣ್ಣುತ್ತಾರೆ, ಆಟೋಟದವರು ಅನ್ನದ ಕುಕ್ಕರನ್ನೇ ನೋಡುತ್ತ ಉಣ್ಣುತ್ತಾರೆ, ಪ್ರೀತಿಯಲ್ಲಿ ಬಿದ್ದವರು ಉಣ್ಣುವುದೇ ಇಲ್ಲ. ತಾಕ್ ಬೊರಾಮ್ ಗಡಿಯಾರ ನೋಡುತ್ತ ಉಣ್ಣುತ್ತಿದ್ದಳು. ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಅವಳ ಇಲಿಗಳಿಗೆ ಹೊತ್ತು ಹೊತ್ತಿಗೆ ಏನಾದರೊಂದು ಆಗಬೇಕಿತ್ತು. ಅವಳ ಹೊತ್ತು ಕೇಳುವವರು ಯಾರೂ ಇರಲಿಲ್ಲ.

ನನ್ನ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ನಾನು ಚಿಕ್ಕಮ್ಮ. ಬುಸಾನ್‌ನಿಂದ ಬಸ್ಸಿನಲ್ಲಿ ಬರಬೇಕಾದ ಈ ಊರಿಗೆ ಸರ್ಕಾರಿ ವಿಶ್ವವಿದ್ಯಾಲಯವೊಂದೇ ಜೀವ. ಹಿಂದೆ ನನ್ನ ಮನೆಯ ಕೋಣೆಗಳೆಲ್ಲ ತುಂಬಿ, ಹಜಾರದಲ್ಲೂ ಹಾಸಿಗೆ ಹಾಸಿದ್ದುಂಟು. ಈಗ ಮಕ್ಕಳೇ ಹುಟ್ಟುತ್ತಿಲ್ಲ, ಹುಟ್ಟಿದವರು ಸಿಯೋಲ್‌ಗೆ ಓಡುತ್ತಾರೆ. ಕೊನೆಗೆ ನನ್ನ ಮನೆಯಲ್ಲಿ ಉಳಿದವರು ಇಬ್ಬರು. ಒಬ್ಬಳು ಬೊರಾಮ್. ಇನ್ನೊಬ್ಬ, ಸೇತುವೆಗಳ ತಪಾಸಣೆಗೆಂದು ಬಂದು ಇಲ್ಲೇ ಬೇರು ಬಿಟ್ಟ ಮೆಂಗ್ ಎಂಬ ಐವತ್ತರ ಗಂಡಸು. ಆ ಮನುಷ್ಯನ ಬಾಯಿಗೆ ಬೀಗವಿಲ್ಲ.

“ಡಾಕ್ಟರಮ್ಮಾ, ನನ್ನ ಮೊಣಕಾಲು ಕಟಕಟ ಅಂತಿದೆ. ಸ್ವಲ್ಪ ನೋಡ್ತೀರಾ?” ಎಂದು ಅವನು ಬೆಳಿಗ್ಗೆ ಬೆಳಿಗ್ಗೆಯೇ ಶುರುಮಾಡುತ್ತಿದ್ದ.

“ನಿಮಗೆ ಬಾಲ ಇದೆಯಾ?” ಎಂದು ಬೊರಾಮ್ ತಲೆ ಎತ್ತದೆ ಕೇಳುತ್ತಿದ್ದಳು.

“ಬಾಲವಾ? ಇಲ್ವಲ್ಲ!”

“ಹಾಗಾದ್ರೆ ನಂಗೆ ಗೊತ್ತಾಗಲ್ಲ.”

“ಇದೆ ಕಣೇ, ಪ್ಯಾಂಟಿನೊಳಗೆ ಮಡಚಿಟ್ಕೊಂಡಿದಾನೆ,” ಎಂದು ನಾನು ಸೌಟು ಝಾಡಿಸುತ್ತಿದ್ದೆ. ಮೆಂಗ್ ಬಿದ್ದು ಬಿದ್ದು ನಗುತ್ತಿದ್ದ. ಬೊರಾಮ್ ತುಟಿಯಂಚಿನಲ್ಲಿ ನಕ್ಕು, ಸಾರಿನ ಬಟ್ಟಲನ್ನು ಎತ್ತಿ ಕುಡಿದು, ಹೊರಟುಬಿಡುತ್ತಿದ್ದಳು. ಎಷ್ಟೋ ದಿನ ಅವಳು ಮನುಷ್ಯರ ಜೊತೆ ಆಡಿದ ಮಾತು ಅಷ್ಟೇ ಇರುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಅವಳ ತಾಯಿ ಅವಳು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ತಂದೆ ಉಲ್ಸಾನ್‌ನಲ್ಲಿ ಹಡಗುಕಟ್ಟೆಯ ಕೆಲಸ, ಬೇರೆ ಹೆಂಡತಿ, ಬೇರೆ ಮಕ್ಕಳು. ಸುಗ್ಗಿಹಬ್ಬಕ್ಕೆ ಇಡೀ ದೇಶವೇ ರಸ್ತೆಗಿಳಿದು ಊರಿಗೆ ಹೋಗುತ್ತದೆ, ಇವಳು ಮಾತ್ರ ಹೋಗುತ್ತಿರಲಿಲ್ಲ. ಕೇಳಿದರೆ “ಇಲಿಗಳಿಗೆ ರಜಾ ಇಲ್ಲ ಚಿಕ್ಕಮ್ಮ” ಎನ್ನುತ್ತಿದ್ದಳು. ಇಲಿಗಳಿಗೆ ರಜೆ ಇಲ್ಲವಂತೆ! ನನಗೇನು ಅಷ್ಟೂ ತಿಳಿಯುವುದಿಲ್ಲವೇ? ಕರೆಯುವ ಮನೆಯಿದ್ದರೆ ಇಲಿಗಳಿಗೂ ರಜೆ ಸಿಗುತ್ತಿತ್ತು.

ಒಂದು ಹಬ್ಬದ ದಿನ ನಾನು ಹೂರಣದ ಅಕ್ಕಿಕಡುಬು ಕಟ್ಟಿಕೊಂಡು ಅವಳ ಪ್ರಯೋಗಾಲಯಕ್ಕೇ ಹೋದೆ. ಅದು ಪ್ರೊಫೆಸರ್ ಯೊಮ್ ಅವರ ಪ್ರಯೋಗಾಲಯ. ಕಿವಿಯ ಮೇಲೆ ಇಡೀ ಜೀವಮಾನ ಕೆಲಸ ಮಾಡಿದವರು. ಬಾಗಿಲ ಮೇಲೆ ಒಂದು ಬಿಳಿ ಹಲಗೆ ಇತ್ತು. ಎಡಕ್ಕೆ ಹೆಸರುಗಳ ಸಾಲು, ಮೇಲೆ ‘ಒಳಗಿದ್ದಾರೆ’, ‘ಊಟಕ್ಕೆ’, ‘ಇಲಿಕೋಣೆಯಲ್ಲಿ’, ‘ಮನೆಗೆ’ ಎಂಬ ಚೌಕಗಳು. ಯಾರು ಎಲ್ಲಿದ್ದಾರೋ ಆ ಚೌಕಕ್ಕೆ ಅವರವರ ಕೆಂಪು ಅಯಸ್ಕಾಂತದ ಗುಂಡಿಯನ್ನು ಸರಿಸಬೇಕು. ಅವಳು ಸೇರಿದಾಗ ಆ ಹಲಗೆಯಲ್ಲಿ ಜಾಗ ಸಾಲದೆ ಹೆಸರುಗಳನ್ನು ಒತ್ತೊತ್ತಾಗಿ ಬರೆದಿದ್ದರಂತೆ. ಒಬ್ಬ ಸಿಯೋಲ್‌ಗೆ ಹೋದ, ಒಬ್ಬಳು ಔಷಧ ಕಂಪನಿಗೆ ಸೇರಿದಳು, ಒಬ್ಬ ಮದುವೆಯಾದ ಮೇಲೆ ಬಿಟ್ಟ, ಒಬ್ಬ ಹೇಳದೆ ಕೇಳದೆ ಬರುವುದು ನಿಲ್ಲಿಸಿದ. ಸರ್ಕಾರಿ ವಿಶ್ವವಿದ್ಯಾಲಯ ನಿಜ, ಆದರೆ ಊರು ದೂರದ್ದು, ಹೊಸಬರು ಬರಲಿಲ್ಲ. ನಾನು ಹೋದ ದಿನ ಹಲಗೆಯ ಮೇಲೆ ಒಂದೇ ಹೆಸರಿತ್ತು. ಒಂದೇ ಕೆಂಪು ಗುಂಡಿ ‘ಇಲಿಕೋಣೆಯಲ್ಲಿ’ ಎಂಬ ಚೌಕದಲ್ಲಿ ಕೂತಿತ್ತು.

ಅವಳು ಬಂದು, ನನ್ನನ್ನು ನೋಡಿ ಗಾಬರಿಯಾಗಿ, ಒಳಗೆ ಕರೆಯುವುದಕ್ಕೆ ಮೊದಲು ಗುಂಡಿಯನ್ನು ‘ಒಳಗಿದ್ದಾರೆ’ಗೆ ಸರಿಸಿದಳು.

“ಯಾರಿಗೆ ತೋರಿಸೋದಕ್ಕೆ ಸರಿಸ್ತೀಯೇ ಹುಚ್ಚಿ?” ಎಂದೆ.

“ಅಭ್ಯಾಸ,” ಎಂದಳು. ಆಮೇಲೆ, “ಸರಿಸದೇ ಇದ್ರೆ ನಾನೂ ಇಲ್ಲ ಅನ್ಸುತ್ತೆ” ಎಂದಳು. ಕಡುಬು ತಿನ್ನು ತಿನ್ನು ಎಂದು ಗದರಿಸಿದೆ. ಬೇರೆ ಏನು ಹೇಳಲಿ?

ಆ ದಿನದಿಂದ ನಾನು ಒಂದು ಉಪಾಯ ಹೂಡಿದೆ. ಭಾನುವಾರ ಮಧ್ಯಾಹ್ನ ಮೊಳಕೆಕಾಳಿನ ದೊಡ್ಡ ಬುಟ್ಟಿಯನ್ನು ಹಜಾರದ ಮಧ್ಯೆ ಇಟ್ಟು, “ಏ ಹುಡುಗಿ, ನನ್ನ ಕಣ್ಣು ಮಂಜಾಗಿದೆ, ಬಾಲ ಮುರಿದುಕೊಡು ಬಾ” ಎಂದು ಕೂಗುವುದು. ಕಣ್ಣಿಗೆ ಏನೂ ಆಗಿರಲಿಲ್ಲ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನೇ ಬಿಚ್ಚುತ್ತದೆ ಎಂದು ಇಷ್ಟು ವರ್ಷ ಮಕ್ಕಳಿಗೆ ಉಣ್ಣಿಸಿದವಳಿಗೆ ಗೊತ್ತು. ಹಾಗೆ ಕೂತು ಒಂದೊಂದೇ ಮೊಳಕೆಯ ಬಾಲ ಮುರಿಯುತ್ತ ಅವಳು ತನ್ನ ಇಲಿಗಳ ಕತೆ ಹೇಳಿದಳು.

ಅವು ಹುಟ್ಟು ಕಿವುಡಲ್ಲವಂತೆ. ಹುಟ್ಟಿ ಕಣ್ಣು ಬಿಟ್ಟ ಮೇಲೆ ಕೆಲವು ವಾರ ಎಲ್ಲ ಕೇಳಿಸುತ್ತದೆ. ಬೆಳೆಯುತ್ತ ಬೆಳೆಯುತ್ತ ಕಿವಿಯೊಳಗಿನ ನವಿರಾದ ರೋಮಗಳು ಒಂದೊಂದಾಗಿ ಸಾಯುತ್ತವೆ. ಕೆಲವು ಮನುಷ್ಯರ ಮನೆತನಗಳಲ್ಲೂ ಹೀಗೇ ಆಗುತ್ತದೆಯಂತೆ. ಅದು ಯಾಕೆ, ಎಲ್ಲಿಂದ ಶುರುವಾಗುತ್ತದೆ ಎಂದು ಕಂಡುಹಿಡಿಯುವುದೇ ಇವಳ ಓದು.

“ಅಲ್ಲಿ ಒಬ್ಬಳೇ ಏನ್ಮಾಡ್ತೀಯ ದಿನಾ?”

“ಪಂಜರ ತೊಳೀತೀನಿ, ಮರಿ ಎಣಿಸ್ತೀನಿ, ಕಿವಿ ಪರೀಕ್ಷೆ ಮಾಡ್ತೀನಿ. ಮಾತಾಡ್ತೀನಿ.”

“ಯಾರ ಹತ್ರ?”

“ಇಲಿಗಳ ಹತ್ರ.”

“ಅಯ್ಯೋ ನಿನ್ನ! ಕಿವುಡು ಇಲಿಗಳ ಹತ್ರ ಮಾತಾಡ್ತೀಯ, ಎರಡೂ ಕಿವಿ ಗಟ್ಟಿಯಾಗಿರೋ ನನ್ನ ಹತ್ರ ಮಾತಾಡಕ್ಕೆ ನಿಂಗೆ ಮೊಳಕೆಕಾಳು ಬೇಕು!”

ಆವತ್ತು ಅವಳು ಜೋರಾಗಿ ನಕ್ಕಳು. ನಕ್ಕು, “ಕೇಳಿಸಲ್ಲ ಅಂತಾನೇ ಮಾತಾಡೋದು ಸುಲಭ ಚಿಕ್ಕಮ್ಮ” ಎಂದಳು. ಆಮೇಲೆ ಒಂದು ವಿಷಯ ಹೇಳಿದಳು. ಇಲಿಮರಿ ಗೂಡಿನಿಂದ ಉರುಳಿ ಹೊರಬಿದ್ದರೆ ಅಳುತ್ತದೆ. ಆ ಅಳು ನಮ್ಮ ಕಿವಿಗೆ ಬೀಳುವಂಥದ್ದಲ್ಲ, ತಾಯಿ ಇಲಿಗೆ ಮಾತ್ರ. ತಾಯಿ ಓಡಿಬಂದು ಕಚ್ಚಿಕೊಂಡು ಹೋಗುತ್ತದೆ. ಆದರೆ ಇವಳ ತಾಯಿ ಇಲಿಗಳು ಕಿವುಡು. ಮರಿ ಗೇಣುದೂರದಲ್ಲಿ ಅತ್ತು ಅತ್ತು ತಣ್ಣಗಾದರೂ ತಾಯಿಗೆ ಸುದ್ದಿಯೇ ಇಲ್ಲ.

“ಅದಕ್ಕೇ ಪ್ರತಿ ಬಾಣಂತಿ ಜೊತೆ ಕಿವಿ ಕೇಳೋ ಒಂದು ಹೆಣ್ಣಿಲಿ ಬಿಡ್ತೀನಿ. ಅದು ಎತ್ತಿ ತಂದು ತಾಯಿ ಪಕ್ಕ ಹಾಕುತ್ತೆ.”

“ಅದನ್ನ ಏನಂತ ಕರೀತಾರೆ ನಿಮ್ಮ ಶಾಸ್ತ್ರದಲ್ಲಿ?”

ಅವಳ ಕಿವಿ ಕೆಂಪಾಯಿತು. “ಶಾಸ್ತ್ರದಲ್ಲಿ ಬೇರೆ ಹೆಸರಿದೆ. ನಾನು ಚಿಕ್ಕಮ್ಮ ಇಲಿ ಅಂತೀನಿ.”

“ಥೂ, ಹೋಗೇ ಆಚೆ!” ಎಂದು ಒಂದು ಹಿಡಿ ಮೊಳಕೆ ಅವಳ ಮೇಲೆಸೆದೆ. ಒಳಗೊಳಗೆ ನನಗೆ ಎಷ್ಟು ಖುಷಿಯಾಯಿತು ಎಂದರೆ ಆ ರಾತ್ರಿ ಮೀನು ಹುರಿದೆ.

ಹೀಗೆ ನಡೆಯುತ್ತಿದ್ದಾಗ ಬಂತು ಯೊಮ್ ಅವರ ನಿವೃತ್ತಿ. ಆಗಸ್ಟ್ ಕೊನೆಗೆ ಅವರು ಮನೆಗೆ. ಅವರ ಜಾಗಕ್ಕೆ ವಿಶ್ವವಿದ್ಯಾಲಯ ಬೇರೆಯವರನ್ನು ತುಂಬುವುದಿಲ್ಲ ಎಂದಾಯಿತು. ಪ್ರಯೋಗಾಲಯ ಮುಚ್ಚುತ್ತದೆ, ಇಲಿಕೋಣೆ ಖಾಲಿ ಮಾಡಬೇಕು. ಬೊರಾಮ್‌ಳ ಪ್ರಬಂಧವೇನೋ ಅಷ್ಟರೊಳಗೆ ಮುಗಿಯುತ್ತದೆ, ಆ ಚಿಂತೆ ಇರಲಿಲ್ಲ. ಆದರೆ ಇಲಿಗಳು? ಅಂಥ ಇಲಿಗಳು ಬೇರೆಲ್ಲೂ ಇಲ್ಲ, ಯೊಮ್ ಅವರ ಕೋಣೆಯಲ್ಲೇ ಹುಟ್ಟಿ ಅಲ್ಲೇ ಬೆಳೆದ ಕುಲ ಅದು. ವಂಶವಾಹಿ ಬದಲಾದ ಇಲಿಯನ್ನು ಮನೆಗೆ ಒಯ್ಯಲು ಕಾನೂನಿನಲ್ಲಿ ಅವಕಾಶವಿಲ್ಲ. ಬೇರೆ ಯಾವುದಾದರೂ ಪ್ರಯೋಗಾಲಯ ತೆಗೆದುಕೊಂಡರೆ ಉಳಿದವು, ಇಲ್ಲದಿದ್ದರೆ ಎಲ್ಲವನ್ನೂ ಕೊಲ್ಲಬೇಕು. ಮತ್ತು ಇಲಿಗಳನ್ನು ತೆಗೆದುಕೊಳ್ಳುವವರು ಅವುಗಳನ್ನು ಬಲ್ಲವಳನ್ನೂ ತೆಗೆದುಕೊಂಡಾರು ಎಂಬುದೇ ಬೊರಾಮ್‌ಳ ಆಸೆ. ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಅವಳು ಎಲ್ಲೆಲ್ಲಿಗೋ ಬರೆದಳು. ದೇಜನ್‌ನವರು ತಮ್ಮಲ್ಲಿ ಜಾಗವಿಲ್ಲ ಎಂದರು. ಗ್ವಾಂಗ್‌ಜುವಿನವರು ಉತ್ತರವನ್ನೇ ಕೊಡಲಿಲ್ಲ. ಊಟದ ಮಧ್ಯೆ ಫೋನು ಮಿಣುಕಿದರೆ ಅವಳ ಕೈಯ ಚಾಪ್‌ಸ್ಟಿಕ್ ಗಾಳಿಯಲ್ಲೇ ನಿಲ್ಲುತ್ತಿತ್ತು. ಮೆಂಗ್ ಕೂಡ ಆ ದಿನಗಳಲ್ಲಿ ಬಾಲದ ಮಾತೆತ್ತಲಿಲ್ಲ.

ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ನಾನು ಕಡಲಪಾಚಿಯ ಸಾರು ಮಾಡಲಿಲ್ಲ. ಪರೀಕ್ಷೆಯ ದಿನ ಅದನ್ನು ಕುಡಿದರೆ ಜಾರಿಬೀಳುತ್ತಾರೆ. ಅಂಟಿಕೊಳ್ಳಲಿ ಎಂದು ಜಿಗುಟು ಮಿಠಾಯಿ ಬಾಯಿಗೆ ತುರುಕಿ ಕಳಿಸಿದೆ. ಪಾಸಾದಳು. ಬಂದು ಚಪ್ಪಲಿ ಬಿಚ್ಚುತ್ತ “ಆಯ್ತು ಚಿಕ್ಕಮ್ಮ” ಎಂದಳು, ಯಾರೋ ಬಟ್ಟೆ ಒಗೆದು ಮುಗಿಸಿದಂತೆ. ಆಮೇಲೆ, “ಸಿಯೋಲ್‌ನಿಂದ ಒಬ್ಬ ಪ್ರೊಫೆಸರ್ ಬರ್ತಾರಂತೆ. ಇಲಿ ನೋಡಕ್ಕೆ” ಎಂದಳು. ಅದನ್ನು ಹೇಳುವಾಗ ಮುಖ ಅರಳಿತ್ತು.

ಸಿಯೋಲ್‌ನ ಆ ಪ್ರೊಫೆಸರ್ ಹೆಸರು ಪ್ಯೊ. ಯೊಮ್ ಅವರು ಅವರನ್ನು ಊಟಕ್ಕೆ ನನ್ನ ಮನೆಗೇ ಕರೆತಂದರು. “ಅಮ್ಮಾವ್ರೇ, ನಿಮ್ಮ ಕೈಯ ಸೋಯಾ ಸಾರಿಗಿಂತ ದೊಡ್ಡ ಮರ್ಯಾದೆ ನಮ್ಮೂರಲ್ಲಿ ಇನ್ನೇನಿದೆ” ಎಂದರು. ಹೊಗಳಿಕೆಗೆ ನಾನು ಕರಗುವವಳಲ್ಲ, ಆದರೂ ಆವತ್ತು ಮೇಜು ಮುಚ್ಚುವಷ್ಟು ಬಡಿಸಿದೆ. ನಾಲ್ಕು ಬಗೆಯ ಕಿಮ್ಚಿ ಉಪ್ಪಿನಕಾಯಿ, ಹಂದಿಯ ಪಕ್ಕೆಲುಬು, ಗಂಟೆಹೂವಿನ ಬೇರಿನ ಪಲ್ಯ. ಬೊರಾಮ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದಳು. ಅವಳ ಹತ್ತಿರ ಅಂಥ ಅಂಗಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ.

ಪ್ಯೊ ಅವರು ಕೆಟ್ಟ ಮನುಷ್ಯರಲ್ಲ. ಚಿಕ್ಕ ವಯಸ್ಸು, ಮೃದು ಮಾತು, ತಟ್ಟೆ ಖಾಲಿ ಮಾಡಿದರು. “ಅದ್ಭುತ ಕುಲ ಸಾರ್ ಇದು. ನಾವು ತಗೋತೀವಿ,” ಎಂದರು ಯೊಮ್ ಅವರಿಗೆ.

ಬೊರಾಮ್ ಎರಡೂ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಏಪ್ರನ್‌ನಿಂದಲೇ ಕಣ್ಣೊರೆಸಿಕೊಂಡೆ.

“ಜೀವಂತ ಇಲಿ ಬೇಡ,” ಎಂದರು ಪ್ಯೊ. “ನಮ್ಮ ಕಟ್ಟಡಕ್ಕೆ ಹೊರಗಿನ ಇಲಿ ಬಿಡಲ್ಲ, ಸೋಂಕಿನ ಭಯ. ಭ್ರೂಣಗಳನ್ನ ಹೆಪ್ಪುಗಟ್ಟಿಸಿ ಕಳಿಸಿದ್ರೆ ಸಾಕು. ಬೇಕಾದಾಗ ನಮ್ಮ ಇಲಿಗಳ ಹೊಟ್ಟೇಲಿಟ್ಟು ಹುಟ್ಟಿಸ್ಕೋತೀವಿ. ನಾಳೆ ಬೇಕಾದ್ರೂ ಸರಿ, ಹತ್ತು ವರ್ಷ ಬಿಟ್ಟು ಬೇಕಾದ್ರೂ ಸರಿ.”

ಯೊಮ್ ಅವರು ತಲೆಯಾಡಿಸಿದರು. ಬೊರಾಮ್ ಮೆಲ್ಲಗೆ, “ಆ ಮರಿಗಳು ಬೆಳೆದು ತಾಯಂದಿರಾದಾಗ ಅವುಗಳ ಜೊತೆ ಕಿವಿ ಕೇಳೋ ಇಲಿ ಬಿಡ್ಬೇಕು ಸಾರ್. ಇಲ್ದಿದ್ರೆ ಮರಿ ಉಳಿಯಲ್ಲ. ನಾನು ಜೊತೆಗಿದ್ದು ತೋರಿಸ್ಬಹುದು” ಎಂದಳು.

“ಓ, ಹೌದಾ? ಒಳ್ಳೇ ವಿಷಯ. ಅದನ್ನ ಒಂದು ಇ-ಮೇಲ್‌ನಲ್ಲಿ ಬರೆದು ಕಳಿಸಿಬಿಡಿ.”

ದೊಡ್ಡವರು ಮಾತಾಡುವಾಗ ಬಡಿಸುವವಳು ಬಾಯಿ ಹಾಕಬಾರದು, ಗೊತ್ತು. ಆದರೆ ನನ್ನ ನಾಲಗೆ ನನ್ನ ಮಾತು ಕೇಳಿದ್ದು ಯಾವಾಗ?

“ಮತ್ತೆ ಈ ಹುಡುಗಿ?” ಎಂದೆ.

ಪ್ಯೊ ಅವರು ನಿಜಕ್ಕೂ ಸಂಕೋಚಪಟ್ಟರು. “ನಮ್ಮಲ್ಲಿ ಈಗ ಹುದ್ದೆ ಇಲ್ಲ ಅಜ್ಜಿ. ಇದ್ದಿದ್ರೆ…” ಎಂದರು.

ಅಜ್ಜಿಯಂತೆ! ಸಿಟ್ಟಿಗೆ ನನಗೆ ನೆಪ ಸಿಕ್ಕಿತು. “ಯಾರಿಗೆ ಅಜ್ಜಿ? ಇಷ್ಟು ಕೂದಲಿಗೆ ಬಣ್ಣ ಹಚ್ಚಿರೋದು ಅಜ್ಜಿ ಅನ್ನಿಸ್ಕೊಳ್ಳೋಕಾ?” ಎಂದು ಸಾರಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದೆ. ಎರಡನೇ ಸಲ ಬಡಿಸಲಿಲ್ಲ. ಒಳಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟುಕೊಂಡು ನಿಂತೆ. ಹೊರಗೆ ಬೊರಾಮ್ ಯಾವತ್ತಿನ ಹಾಗೆಯೇ, “ಹಣ್ಣು ಹೆಚ್ಚಿ ತರಲಾ ಸಾರ್?” ಎಂದು ಕೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಪ್ಯೊ ಅವರು ಹೇಳಿದ ಹಾಗೆಯೇ ಅವಳು ಮಾಡಿದಳು. ಭ್ರೂಣಗಳು ಹೆಪ್ಪುಗಟ್ಟಿದವು. ತಣ್ಣನೆ ಹೊಗೆಯಾಡುವ ಉಕ್ಕಿನ ಡಬ್ಬಿಯೊಂದು ವ್ಯಾನಿನಲ್ಲಿ ಸಿಯೋಲ್‌ಗೆ ಹೋಯಿತು. ಇ-ಮೇಲ್ ಕೂಡ ಹೋಯಿತು. ಇಲಿಗಳ ಕುಲ ಉಳಿಯಿತು. ಉಸಿರಾಡುವ ಇಲಿಗಳು ಮಾತ್ರ ಇಲ್ಲೇ ಉಳಿದವು, ಜೊತೆಗೆ ಇವಳೂ. ಇಂಚನ್‌ನಲ್ಲಿ ರಕ್ತಪರೀಕ್ಷೆಯ ಕಂಪನಿಯೊಂದು ಗುತ್ತಿಗೆಯ ಕೆಲಸ ಕೊಡುತ್ತೇನೆಂದಿತು. ಬಂದ ಕೊಳವೆಗಳನ್ನು ಯಂತ್ರಕ್ಕೆ ಹಾಕಿ ತೆಗೆಯುವುದು. ಅವಳು ಒಪ್ಪಿಕೊಂಡಳು.

ಪದವಿಪ್ರದಾನದ ದಿನ ತಂದೆಗೆ ರಜೆ ಸಿಗಲಿಲ್ಲವೆಂದು ಫೋನು ಬಂತು. ನಾನು ಹೂಗುಚ್ಛ ಹಿಡಿದು ಹೋದೆ, ಮೆಂಗ್ ಟೈ ಕಟ್ಟಿಕೊಂಡು ಬಂದ. ಮಕ್ಕಳೆಲ್ಲ ತಮ್ಮ ಗೌನು, ಟೋಪಿ ಬಿಚ್ಚಿ ತಾಯಂದಿರಿಗೆ ತೊಡಿಸಿ ಫೋಟೋ ಹಿಡಿಯುವುದು ಪದ್ಧತಿ. ಬೊರಾಮ್ ಟೋಪಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಡವರಿಸಿ, ನನ್ನ ತಲೆಗಿಟ್ಟಳು. “ಡಾಕ್ಟರ್ ಚಿಕ್ಕಮ್ಮಾ, ನನ್ನ ಮೊಣಕಾಲು…” ಎಂದು ಮೆಂಗ್ ಶುರುಮಾಡಿದ. ಮೂವರೂ ನಕ್ಕೆವು. ಆ ಫೋಟೋದಲ್ಲಿ ನಾನು ಬಾಯಿ ತೆರೆದು ನಗುತ್ತಿದ್ದೇನೆ, ಅವಳು ಗಡಿಯಾರ ನೋಡುತ್ತಿದ್ದಾಳೆ.

ಇಲಿಗಳನ್ನು ಮುಗಿಸುವ ಕೆಲಸವನ್ನು ಪ್ರಾಣಿಗೃಹದ ಸಿಬ್ಬಂದಿಗೆ ವಹಿಸೋಣ, ನೀನು ಆ ದಿನ ಬರಬೇಡ ಎಂದು ಯೊಮ್ ಅವರು ಹೇಳಿದ್ದರಂತೆ. ಅವಳು ಕೇಳಲಿಲ್ಲ. ಆ ದಿನ ಬೆಳಿಗ್ಗೆ ಅನ್ನ ಮುಟ್ಟದೆ ಎದ್ದಾಗ ನಾನು ಅವಳ ತೋಳು ಹಿಡಿದೆ.

“ನೀನೇ ಯಾಕೆ ಮಾಡ್ಬೇಕು? ಮಾಡೋರಿದಾರಲ್ಲ!”

“ಅವು ಬೇರೆಯವರ ಕೈ ಕಂಡ್ರೆ ಹೆದರ್ತವೆ ಚಿಕ್ಕಮ್ಮ.” ಅಷ್ಟೇ ಹೇಳಿದಳು. “ನನ್ನ ಕೈಯಾದ್ರೆ ಊಟಕ್ಕೆ ಅಂದ್ಕೊಂಡು ತಾವೇ ಹತ್ತಿಕೊಳ್ತವೆ.”

ನಾನು ತೋಳು ಬಿಟ್ಟೆ. ಅವಳು ಸಂಜೆಗೆ ಮೊದಲೇ ಬಂದಳು. ಕೇಳಬಾರದೆಂದುಕೊಂಡೇ ಕೇಳಿದೆ, ನೋವಾಗುತ್ತದೆಯೇ ಎಂದು. “ಪೆಟ್ಟಿಗೆಯೊಳಗೆ ಗಾಳಿ ಬದಲಾಗುತ್ತೆ. ನಿದ್ದೆ ಬಂದ ಹಾಗೆ ಮಲಗ್ತವೆ” ಎಂದಳು. ಚಿಕ್ಕಮ್ಮ ಇಲಿಗಳೂ ಹೋದವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಹಜಾರದಲ್ಲಿ ಗೋಡೆಗೆ ಒರಗಿ ಕೂತು, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ದೀಪ ಹಚ್ಚುವವರೆಗೂ ಹಾಗೇ ಇದ್ದಳು. ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿದೆ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸುಲಿದೆ.

ಪ್ರಾಣಿಗೃಹದ ಹಿಂದೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಪ್ರಯೋಗಕ್ಕೆ ಜೀವ ಕೊಟ್ಟ ಪ್ರಾಣಿಗಳ ಆತ್ಮಗಳಿಗೆಂದು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ಅಲ್ಲಿ ಎಡೆ ಇಡುತ್ತಾರೆ. ಎಲ್ಲ ವಿಭಾಗದವರು ಬಿಳಿ ಕೋಟಿನಲ್ಲಿ ಬಂದು ಸಾಲಾಗಿ ನಿಂತು ತಲೆಬಾಗುತ್ತಾರೆ. ಆದರೆ ಚಳಿಯ ಹೊತ್ತಿಗೆ ಯೊಮ್ ಅವರು ಇಲ್ಲಿರುವುದಿಲ್ಲ. ಇಷ್ಟು ಜೀವ ತೆಗೆದ ಮೇಲೆ ಹೇಳದೆ ಹೋಗಲಾರೆ ಎಂದು, ತಮ್ಮ ಕೆಲಸದ ಕೊನೆಯ ದಿನವೇ ಅವರು ಇನ್ನೊಂದು ಎಡೆ ಇಡಿಸಿದರು. ಅಡುಗೆ ನನ್ನದು. ಬೆಳ್ಳುಳ್ಳಿ ಹಾಕದೆ, ಮೆಣಸಿನಪುಡಿ ಹಾಕದೆ, ಹಿರಿಯರಿಗೆ ಮಾಡುವ ಹಾಗೆಯೇ ಮಡಿಯಿಂದ ಮಾಡಿದೆ. ಅಕ್ಕಿಯ ಹಿಟ್ಟಿನ ಕಡುಬು, ಮೀನು, ಸೊಪ್ಪುಗಳು, ಸೇಬು, ಪೇರ್ ಹಣ್ಣು, ಅಕ್ಕಿಯ ಮದ್ಯ. ಪ್ರಾಣಿಗೃಹದ ಪಶುವೈದ್ಯೆ ಮೊಲಗಳಿಗೆಂದು ಗಜ್ಜರಿ ತಂದಿದ್ದರು, ಇಲಿಗಳ ಒಣ ತಿಂಡಿಯನ್ನು ಒಂದು ಬಿಳಿ ಬಟ್ಟಲಲ್ಲಿ ಇಟ್ಟಿದ್ದರು. ಇದ್ದವರು ಯೊಮ್, ಆ ಪಶುವೈದ್ಯೆ, ನಾನು. ಮೆಂಗ್ ಸೇತುವೆಗೆ ಹೋಗಿದ್ದ. ಧಗೆ, ಸೊಳ್ಳೆ. ಬೊರಾಮ್ ಕೊನೆಗೆ ಬಂದಳು, ಕೈಯಲ್ಲಿ ಕಾಗದದ ಚೀಲ.

ಚೀಲದಿಂದ ಅವಳು ಪೀಚ್ ಹಣ್ಣುಗಳನ್ನು ತೆಗೆದು ಕಲ್ಲಿನ ಮುಂದೆ, ಎಡೆಯ ಮೊದಲ ಸಾಲಿನಲ್ಲಿಯೇ ಇಟ್ಟಳು. ಕೆನ್ನೆ ಕೆಂಪಾದ, ಮಾಗಿದ, ಆಗಸ್ಟಿನ ಪೀಚ್. ಘಮ್ಮೆಂದಿತು.

ಪೀಚ್ ಇದ್ದಲ್ಲಿ ಆತ್ಮ ಸುಳಿಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಆ ಮರವನ್ನು ಮನೆಯ ಅಂಗಳದಲ್ಲೂ ನೆಡುವುದಿಲ್ಲ. ಎಡೆಯಲ್ಲಿಟ್ಟರೆ, ಕರೆದ ಅತಿಥಿಯ ಮುಖದ ಮೇಲೆ ಬಾಗಿಲು ಹಾಕಿದಂತೆ.

“ಏ ಹುಡುಗೀ!” ಎಂದು ಕೂಗಿದೆ. “ಎಡೇಲಿ ಪೀಚ್ ಇಡ್ತಾರೇನೇ? ನಿಮ್ಮಮ್ಮನಿಗೆ ಎಡೆ ಇಟ್ಟಾಗ್ಲೂ ಹೀಗೇ ಇಟ್ಟಿದ್ಯಾ? ಅಷ್ಟು ಓದಿದೀಯ, ಇಷ್ಟು ತಿಳಿಯಲ್ವಾ? ತೆಗೀ, ತೆಗೀ ಮೊದ್ಲು!”

ಯೊಮ್ ಅವರು ಮದ್ಯದ ಬಾಟಲಿ ಹಿಡಿದು ನಿಂತಿದ್ದವರು ಮೆಲ್ಲಗೆ ಹೇಳಿದರು: “ಬೊರಾಮ್, ತೆಗೆದುಬಿಡಮ್ಮ. ಆ ವಾಸನೆಗೆ ಅವು ಹತ್ರ ಬರಲ್ಲ.”

“ಗೊತ್ತು ಸಾರ್,” ಎಂದಳು ಬೊರಾಮ್.

“ಗೊತ್ತಿದ್ದೂ…?”

“ಗೊತ್ತಿದ್ದೇ ತಂದಿದ್ದು.” ಅವಳು ಹಣ್ಣುಗಳ ಮುಂದೆ ಮಂಡಿಯೂರಿ ಕೂತಿದ್ದಳು, ನಮ್ಮ ಕಡೆ ತಿರುಗಲಿಲ್ಲ. “ಯಾಕೆ ಕರೀಬೇಕು ಸಾರ್ ಅವನ್ನ? ನಾಳೆಯಿಂದ ನೀವಿರಲ್ಲ. ನಾನಿರಲ್ಲ. ಕೋಣೆ ಬಿಡಿ, ಪಂಜರ ಕೂಡ ಇಲ್ಲ. ಬೆಳಿಗ್ಗೆ ದೀಪ ಹತ್ತಿದ ತಕ್ಷಣ ಎಲ್ಲ ಬಾಗ್ಲ ಕಡೆ ಬಂದು ನಿಲ್ತಾ ಇದ್ವು. ನಾಳೆನೂ ಹಾಗೇ ಬಂದು ನಿಂತ್ರೆ? ಯಾರು ಬರ್ತಾರೆ ಅವಕ್ಕೆ?”

ಅವಳ ಧ್ವನಿ ಒಡೆಯಿತು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

“ಬರಬೇಡಿ ಅಂತ ಬಾಯಲ್ಲಿ ಹೇಳಿದ್ರೆ ಅವಕ್ಕೆ ಕೇಳಿಸಲ್ಲ. ವಾಸನೆ ಆದ್ರೆ ಗೊತ್ತಾಗುತ್ತೆ.”

ಯೊಮ್ ಅವರು ಮದ್ಯದ ಬಾಟಲಿಯನ್ನು ನೆಲಕ್ಕಿಟ್ಟರು. ಇಡೀ ಜೀವಮಾನ ಕಿವಿಯ ಮೇಲೆ ಬರೆದ ಮನುಷ್ಯ. ಪಶುವೈದ್ಯೆ ಅತ್ತ ತಿರುಗಿದರು. ನಾನಂತೂ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಾಚಿಕೆಬಿಟ್ಟು ಅತ್ತೆ. ಆಮೇಲೆ ಯೊಮ್ ಅವರು ಬಗ್ಗಿ, ಪೇರ್ ಹಣ್ಣಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪೀಚ್ ಹಣ್ಣುಗಳನ್ನು ನಡುವಿಗೆ ತಂದಿಟ್ಟರು. ಮದ್ಯ ಸುರಿದರು. ನಾವೆಲ್ಲ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದೆವು.

ನಮಸ್ಕಾರವಾದ ಮೇಲೆ, ಬಂದವರು ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಉಣ್ಣಲಿ ಎಂದು ಎಡೆಗೆ ಬೆನ್ನು ಹಾಕಿ ನಿಲ್ಲುವುದು ಪದ್ಧತಿ. ನಾವು ಮೂವರು ಬೆನ್ನು ಹಾಕಿ ನಿಂತೆವು. ಮರದಲ್ಲಿ ಜೀರುಂಡೆಗಳು ಕಿವಿ ಕಿತ್ತುಹೋಗುವಂತೆ ಕಿರುಚುತ್ತಿದ್ದವು. ಓರೆಗಣ್ಣಲ್ಲಿ ನೋಡಿದರೆ, ಬೊರಾಮ್ ಬೆನ್ನು ತಿರುಗಿಸಿರಲಿಲ್ಲ. ಕಲ್ಲಿಗೆ ಮುಖಮಾಡಿ, ಒಂದೊಂದು ತಟ್ಟೆಯನ್ನೂ ನೋಡುತ್ತ ಕಾವಲಿನವಳ ಹಾಗೆ ನಿಂತೇ ಇದ್ದಳು. ಯೊಮ್ ಅವರು ಗಂಟಲು ಸರಿಪಡಿಸಿಕೊಂಡು ಮುಗಿಯಿತೆಂದು ಸೂಚನೆ ಕೊಟ್ಟಾಗ ಅವಳು ನನ್ನ ಹತ್ತಿರ ಬಂದು, ಕೈ ಹಿಡಿದುಕೊಂಡಳು.

“ಯಾವುದೂ ಬರಲಿಲ್ಲ ಚಿಕ್ಕಮ್ಮ,” ಎಂದಳು.